ಪಾಠದ ಸೂಜಿ

ಮೋನಪ್ಪ ಪತ್ತಾರನ ಕುತ್ತಿಗೆ ನೋವು ಧಾರವಾಡದ ಆ ಇಡೀ ಓಣಿಗೆ ಗೊತ್ತಿತ್ತು. ಗೊತ್ತಾಗದೆ ಇರುವುದಕ್ಕೆ ಅವನು ಬಿಟ್ಟರಲ್ಲವೇ! ಹಾಲಿನವನಿಗೆ ಹೇಳಿದ, ಕೊರಿಯರಿನವನಿಗೆ ಹೇಳಿದ, ಜನಗಣತಿಗೆ ಬಂದ ಹುಡುಗಿಯನ್ನು ಕೂಡಿಸಿಕೊಂಡು ಚಹಾ ಕುಡಿಸಿ ಹೇಳಿದ. ಜೀವಮಾನವೆಲ್ಲ ನೆಲದ ಮೇಲೆ ಕೂತು, ಮೊಣಕಾಲಿನ ಎತ್ತರಕ್ಕೂ ಬಾರದ ಅಡಿಗಲ್ಲಿನ ಮೇಲೆ ಕುತ್ತಿಗೆ ಬಗ್ಗಿಸಿ ಬಂಗಾರ ಬಡಿದವನಿಗೆ ಕುತ್ತಿಗೆ ನೋಯದೆ ಇನ್ನೇನು ನೋಯಬೇಕು? ಆದರೆ ಅವನ ಭಯ ನೋವಿನದಲ್ಲ. ನೋವು ಕುತ್ತಿಗೆಯಿಂದ ಹೆಗಲಿಗೆ ಇಳಿದು, ಹೆಗಲಿನಿಂದ ಮೊಣಕೈಗೆ ಬಂದು, ಈಗ ಬಲಗೈಯ ಹೆಬ್ಬೆರಳೂ ತೋರುಬೆರಳೂ ಜೋಮು ಹಿಡಿಯುತ್ತಿದ್ದವು. ಬೆರಳಲ್ಲಿ ಹಿಡಿದದ್ದು ಬಂಗಾರದ ತಂತಿಯೋ ಕಸಬರಿಗೆ ಕಡ್ಡಿಯೋ ಕಣ್ಣಿಂದ ನೋಡಿದರಷ್ಟೇ ಗೊತ್ತಾಗುತ್ತಿತ್ತು.

ಅಂಗಡಿಯಲ್ಲಿ ಬಂಗಾರದ ಕೆಲಸ ಎಂಬುದೇನೂ ಉಳಿದಿರಲಿಲ್ಲ. ಯಂತ್ರಗಳು ಝುಮುಕಿಗಳನ್ನು ಕಡಲೆಪುರಿಯ ಹಾಗೆ ಉದುರಿಸುವ ಕಾಲ. ಉಳಿದದ್ದು ಒಂದೇ: ಕಿವಿ ಚುಚ್ಚುವುದು. ದೊಡ್ಡ ದೊಡ್ಡ ಅಂಗಡಿಗಳಲ್ಲಿ ಅದಕ್ಕೂ ಪಿಸ್ತೂಲಿನಂಥದೊಂದು ಬಂದಿತ್ತು, ಆದರೂ ಓಣಿಯ ತಾಯಂದಿರು ಕೂಸನ್ನು ಎತ್ತಿಕೊಂಡು ಮೋನಪ್ಪನ ಹತ್ತಿರವೇ ಬರುತ್ತಿದ್ದರು. ಹಿಂದಿನ ಚಳಿಗಾಲದಲ್ಲಿ ಗಾಣಿಗೇರ ಮನೆಯ ಕೂಸಿಗೆ ಚುಚ್ಚುವಾಗ ಬೆರಳು ಕೈಕೊಟ್ಟಿತು. ಒಂದು ತೂತು ಮೇಲೆ, ಇನ್ನೊಂದು ಕೆಳಗೆ. ಕೂಸಿನ ತಾಯಿ ಜಗಳ ಮಾಡಿದ್ದರೆ ಮೋನಪ್ಪ ತಾನೂ ಒಂದಿಷ್ಟು ಜಗಳ ಮಾಡಿ ಮರೆಯುತ್ತಿದ್ದ. ಆಕೆ, "ಇರಲಿ ಬಿಡ್ರಿ ಮಾಮಾ," ಎಂದು ಎದ್ದು ಹೋದಳು. ಅಂದಿನಿಂದ ಅವನು ಕಿವಿ ಚುಚ್ಚುವ ಬಂಗಾರದ ತಂತಿ ಮುಟ್ಟಿರಲಿಲ್ಲ.

ಈಗ ಸ್ವಂತ ಮೊಮ್ಮಗಳ ಸರದಿ. ಮಗಳು ರೇವತಿಯ ಕೂಸು. ಒಂಬತ್ತನೇ ತಿಂಗಳಲ್ಲಿ ಕಿವಿ ಚುಚ್ಚಬೇಕು, ಹತ್ತು ಸರಿಸಂಖ್ಯೆ, ಆಗಿಬರುವುದಿಲ್ಲ. ರೇವತಿಯ ಅತ್ತೆ ಚಂದ್ರಭಾಗಾಬಾಯಿ ಹುಬ್ಬಳ್ಳಿಯಾಕೆ, ಸುದ್ದಿ ಅವಳ ಕಿವಿಗೆ ಬೀಳದೆ ಇರುತ್ತದೆಯೇ? ಗಾಣಿಗೇರ ಕೂಸಿನ ವಿಷಯ ತಿಳಿದುಕೊಂಡೇ ಫೋನ್ ಮಾಡಿದಳು.

"ಬೀಗರಿಗೆ ಯಾಕ ಸುಮ್ಮನ ತ್ರಾಸು? ಇಲ್ಲೇ ಮಾಲ್‌ನಾಗ ಚುಚ್ಚತಾರ. ಟಪ್ ಟಪ್ ಅಂತ ಎರಡ ಸಪ್ಪಳ, ಮುಗದ ಹೋತು."

ಫೋನ್ ಹಿಡಿದಿದ್ದವಳು ರೇವತಿ, ನಾಲ್ಕು ದಿನಕ್ಕೆಂದು ಕೂಸಿನೊಂದಿಗೆ ತವರಿಗೆ ಬಂದಿದ್ದಳು. ಅಪ್ಪನ ಕಡೆ ನೋಡಿದಳು. ಆ ನೋಟ ನೋಡಿಯೇ ಮೋನಪ್ಪ ಮಾರನೆಯ ದಿನ ಚಪ್ಪಲಿ ಮೆಟ್ಟಿಕೊಂಡು ಡಾಕ್ಟರ್ ನಫೀಸಾ ಮುಲ್ಲಾರ ಹತ್ತಿರ ಹೋದದ್ದು.

ಈ ನಫೀಸಾ ಫಿಜಿಯೋಥೆರಪಿಯವರು. ಸೂಜಿಯನ್ನೂ ಹಾಕುತ್ತಾರೆ, ವ್ಯಾಯಾಮವನ್ನೂ ಮಾಡಿಸುತ್ತಾರೆ. ಅಲ್ಲಿ ಮೋನಪ್ಪ ಅಂಗಿ ಕಳಚಿ ಬೋರಲು ಮಲಗಿದ. ಆಕೆ ಬೆರಳಿನಿಂದ ಹೆಗಲನ್ನು ಒತ್ತುತ್ತಾ, ಹುಣಸೆಬೀಜದಷ್ಟು ಗಟ್ಟಿಯಾದ ಒಂದು ಗಂಟನ್ನು ಹುಡುಕಿ ಹಿಡಿದರು.

"ಸೂಜ್ಯಾಗ ಔಷಧ ಏನ್ ತುಂಬತೀರಿ?"

"ಏನೂ ಇಲ್ರಿ ಕಾಕಾ. ಬರೇ ಸೂಜಿ."

"ಬರೇ ಸೂಜಿ ಚುಚ್ಚಾಕ ಡಾಕ್ಟರಕಿ ಕಲೀಬೇಕೇನು? ನಾ ಹುಟ್ಟಿದಾಗಿಂದ ಚುಚ್ಚೀನಿ."

"ನೀವು ತೂತು ಮಾಡ್ತೀರಿ, ನಾ ಗಂಟು ಬಿಚ್ಚತೀನಿ. ಮಾತು ಸಾಕು, ಅಲ್ಲಾಡಬ್ಯಾಡ್ರಿ."

ಕೂದಲಿನಂಥ ಸೂಜಿ ಗಂಟಿನೊಳಗೆ ಇಳಿಯಿತು. ಮೀನು ಗಾಳಕ್ಕೆ ಸಿಕ್ಕಿದ ಹಾಗೆ ಮಾಂಸಖಂಡ ಒಮ್ಮೆ ಪಟಕ್ಕನೆ ಅದುರಿ ಸಡಿಲಾಯಿತು. ಮೋನಪ್ಪ ಕುಲದೇವತೆಯ ಹೆಸರು ಹೇಳಿದ.

ಇಲ್ಲಿಯವರೆಗೆ ಹಳೆಯ ವಿದ್ಯೆ. ಬರೀ ಸೂಜಿ ಹಾಕಿದರೆ ಗಂಟು ಬಿಚ್ಚುತ್ತದೆ, ಆದರೆ ಎರಡು ದಿನ ಕಳೆದರೆ ಮತ್ತೆ ಕಟ್ಟುತ್ತದೆ. ಸಡಿಲಾದ ಆ ಎರಡು ದಿನದಲ್ಲಿ ವ್ಯಾಯಾಮ ಮಾಡಿ, ಕುತ್ತಿಗೆಗೆ ನೆಟ್ಟಗೆ ನಿಲ್ಲುವುದನ್ನು ಕಲಿಸಬೇಕು. ಕಲಿಸಿದರೆ ನೋವು ದೂರ. ಇಷ್ಟೇ ವಿಷಯ. ಆದರೆ ಯಾರು ಮಾಡುತ್ತಾರೆ? ಗದ್ದ ಒಳಗೆಳೆದು ಹತ್ತು ಎಣಿಸಿರಿ ಎಂದು ಹೇಳಿ ಕಳಿಸಿದರೆ, ಮುಂದಿನ ವಾರ ಬಂದು, "ದಿನಾ ಮಾಡ್ತೀನ್ರಿ ಮೇಡಂ," ಎಂದು ದೇವರಾಣೆ ಹಾಕುತ್ತಾರೆ. ಸೂಜಿ ಒಳಗೆ ಹೋದ ಕೂಡಲೇ ಮಾಂಸಖಂಡ ಸತ್ಯ ಹೇಳಿಬಿಡುತ್ತದೆ. ಇದಕ್ಕೆ ರೋಸಿಹೋಗಿಯೇ ನಫೀಸಾ, ಮೋನಪ್ಪ ಬರುವುದಕ್ಕೆ ಎಷ್ಟೋ ಮೊದಲು, ಒಂದು ದಿನ ತಮ್ಮ ಸಂಸ್ಥೆಯ ಎಂಜಿನಿಯರ್ ಸುಧೀಂದ್ರನ ಮುಂದೆ ಗೊಣಗಿದ್ದು: ಮಂದಿ ಮಾಡುವುದಿಲ್ಲ, ಮಾಂಸಖಂಡಕ್ಕೆ ನಾವೇ ನೇರವಾಗಿ ಪಾಠ ಹೇಳುವಂತಿದ್ದರೆ?

ಸುಧೀಂದ್ರ ಅಂಥ ಮಾತನ್ನು ಕಿವಿಯ ಮೇಲೆ ಹಾಕಿಕೊಂಡರೆ ಬಿಡುವವನಲ್ಲ. ಮೂರು ವರ್ಷದಲ್ಲಿ ಪಾಠದ ಸೂಜಿ ತಯಾರಾಯಿತು. ಮೊದಲು ಅದು ಎಲ್ಲ ಸೂಜಿಯಂತೆ ಗಂಟು ಬಿಚ್ಚುತ್ತದೆ. ಆಮೇಲೆ, ಮಾಂಸಖಂಡ ಹಸಿ ಮಣ್ಣಿನಂತೆ ಮೆತ್ತಗಿರುವಾಗಲೇ, ಬೇರೊಂದು ಒಳ್ಳೆಯ ಕುತ್ತಿಗೆಯಿಂದ ಮೊದಲೇ ದಾಖಲಿಸಿಟ್ಟ ಸಣ್ಣ ಸಣ್ಣ ವಿದ್ಯುತ್ ಸಂಜ್ಞೆಗಳನ್ನು ಒಳಗೆ ಬಿಡುತ್ತದೆ. ಯಾವಾಗ ಬಿಗಿಯಬೇಕು, ಎಷ್ಟು ಬಿಗಿಯಬೇಕು, ಯಾವಾಗ ಸುಮ್ಮನಿರಬೇಕು, ಎಲ್ಲವನ್ನೂ ಉರು ಹೊಡೆಸುತ್ತದೆ. ಕೆಲವು ವಾರ ಬಂದು ಮಲಗಿ ಹೋದರೆ ಸಾಕು.

"ಒಳ್ಳೆ ಕುತಗಿ ಅಂದ್ರ ಯಾರದ್ರಿ?" ಎಂದು ಮೋನಪ್ಪ ಕೇಳಿದ.

"ಒಬ್ಬಾಕಿ ಗವಳ್ಯಾರ ಹೆಣ್ಣಮಗಳದು. ತಲಿ ಮ್ಯಾಲ ಹೊತ್ತು ಮೊಸರು ಮಾರ್ತಾಳ."

"ಹೆಂಗಸರದು ನನಗ ಹೊಂದತೈತೇನು?"

"ಆಕೀದು ನಿಮಗ ಹೊಂದತೈತಿ. ನಿಮ್ಮದು ಯಾರಿಗೂ ಹೊಂದೂದಿಲ್ಲ ಬಿಡ್ರಿ."

ಆ ಹೆಣ್ಣುಮಗಳ ಹೆಸರು ಠಕೂಬಾಯಿ. ಪೈಲ್ವಾನರು, ಭರತನಾಟ್ಯದವರು, ಯೋಗದ ಮಾಸ್ತರರು, ಎಲ್ಲರ ಕುತ್ತಿಗೆಯನ್ನೂ ಪರೀಕ್ಷೆ ಮಾಡಿ ನೋಡಿದಾಗ ಯಂತ್ರ ಮೆಚ್ಚಿದ್ದು ಇವಳದನ್ನು. ದಾಖಲೆ ಮಾಡುವ ದಿನ ಮುಂಜಾನೆ ಅವಳನ್ನು ಕರೆಸಿ, ಕುತ್ತಿಗೆಗೆ ಪಟ್ಟಿಗಳನ್ನು ಅಂಟಿಸಿ, ಬುಟ್ಟಿ ಇಲ್ಲದೆ ಆ ತುದಿಯಿಂದ ಈ ತುದಿಗೆ ನಡೆ ಎಂದರು. ಠಕೂಬಾಯಿ ನಿಂತಲ್ಲೇ ನಿಂತಳು. ಕೈ ಎಲ್ಲಿಡಬೇಕು ತಿಳಿಯುವುದಿಲ್ಲ ಎಂದಳು. ಸರಿ, ಖಾಲಿ ಬುಟ್ಟಿ ಹೊತ್ತುಕೋ ಎಂದರು. ಅವಳು ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು. ಬೋಣಿಗೆಯ ಮೊದಲು ಖಾಲಿ ಬುಟ್ಟಿ ತಲೆಯ ಮೇಲಿಟ್ಟರೆ ಅವತ್ತಿನ ವ್ಯಾಪಾರ ಎದ್ದುಹೋಯಿತೆಂದೇ ಲೆಕ್ಕ. ಬೇರೆ ದೇಶದ ಪ್ರಯೋಗಶಾಲೆಯಾಗಿದ್ದರೆ ಏನು ಮಾಡುತ್ತಿದ್ದರೋ, ಧಾರವಾಡದವರು ಹೌದು ಹೌದು ಎಂದು ತಲೆಯಾಡಿಸಿದರು. ಸುಧೀಂದ್ರನ ತಾಯಿಯೂ ಬೋಣಿಗೆ ಆಗದ ಅಂಗಡಿಯಲ್ಲಿ ಉದ್ರಿ ಕೇಳುವವಳಲ್ಲ. ಮೊಸರಿನ ಗಡಿಗೆಗಳನ್ನು ತುಂಬಿದ ಬುಟ್ಟಿಯನ್ನೇ ಹೊರಿಸಿ ನಡೆಸಿದರು, ಕೊನೆಗೆ ಇಡೀ ವಿಭಾಗದವರು ಮೊಸರು ಕೊಂಡು ಊಟಕ್ಕೆ ಹಾಕಿಕೊಂಡರು. ದಾಖಲೆ ಬಹಳ ಚೆನ್ನಾಗಿ ಬಂತು.

ಪಾಠದ ಸೂಜಿ ಬಿದ್ದ ಮೊದಲ ವಾರವೇ ಮೋನಪ್ಪನಿಗೆ ನಿದ್ದೆ ಬಂತು. ಎರಡನೆಯ ವಾರ ಹೆಗಲು ಹಗುರಾಯಿತು. ಮೂರನೆಯ ವಾರ ಒಂದು ಮುಂಜಾನೆ ಅವನು ಸಾಸಿವೆ ಡಬ್ಬಿಯಲ್ಲಿ ಕೈ ಹಾಕಿ, ಕಣ್ಣು ಮುಚ್ಚಿ, ಒಂದೊಂದೇ ಕಾಳು ಎತ್ತಿ ಹೆಂಡತಿ ಕಾಳಮ್ಮನ ಅಂಗೈಗೆ ಹಾಕತೊಡಗಿದ.

"ಇದು ಸಾಸಿವಿ. ಇದೂ ಸಾಸಿವಿ. ಇದು ಸಣ್ಣ ಹರಳು! ನೋಡಿದೇನು?"

"ಒಗ್ಗರಣಿ ಹತ್ತಾಕ ಹತ್ತೇತಿ, ಡಬ್ಬಿ ಕೊಡ್ರಿ ಇಲ್ಲೆ," ಎಂದಳು ಕಾಳಮ್ಮ. ಆದರೆ ಆ ಹರಳನ್ನು ಎಸೆಯದೆ ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದಳು.

ಅವನು ಅಂದೇ ಬೀಗರ ಮನೆಗೆ ಫೋನ್ ಮಾಡಿ, ಕಿವಿ ಚುಚ್ಚುವುದು ನಮ್ಮಲ್ಲೇ, ನನ್ನ ಕೈಯಿಂದಲೇ, ಹುಣ್ಣಿಮೆಗೆ ಕೂಸಿನ ಒಂಬತ್ತನೇ ತಿಂಗಳು ಮುಗಿಯುತ್ತದೆ, ಹಿಂದಿನ ದಿನವೇ ಬರ್ರಿ ಎಂದು ಹೇಳಿಬಿಟ್ಟ. ಮಾತು ಕೊಟ್ಟ ಮೇಲೆ ಊಟಕ್ಕೆ ಕೂತ. ಆಗ ಗೊತ್ತಾಯಿತು, ತಾಟು ಕಾಣುತ್ತಿಲ್ಲ.

ಕಣ್ಣಿಗೆ ಏನೂ ಆಗಿರಲಿಲ್ಲ. ಗದ್ದ ಕೆಳಗೆ ಇಳಿಯುತ್ತಿರಲಿಲ್ಲ. ಎಡಕ್ಕೆ ತಿರುಗಿದರೆ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ, ನೋವು ಎಂಬುದು ಹೆಸರಿಗಿಲ್ಲ. ಬಗ್ಗು ಎಂದರೆ ಮಾತ್ರ ಯಾರೋ ಒಳಗಿನಿಂದ ಗದ್ದವನ್ನು ಎತ್ತಿ ಹಿಡಿದ ಹಾಗೆ. ಅನ್ನ ಕಲಸಿದ್ದು ಅಂದಾಜಿನ ಮೇಲೆ. ಸಾರೆಲ್ಲ ಧೋತರಕ್ಕೆ.

ಅವನೊಬ್ಬನೇ ಅಲ್ಲ. ಆ ಹೊತ್ತಿಗೆ ಊರಲ್ಲಿ ಪಾಠದ ಸೂಜಿ ಹಾಕಿಸಿಕೊಂಡವರು ಬಹಳ ಮಂದಿ ಇದ್ದರು. ಕಚೇರಿಗಳಲ್ಲಿ ಕಂಪ್ಯೂಟರ್ ನೋಡಿ ನೋಡಿ ಕುತ್ತಿಗೆ ಕೆಡಿಸಿಕೊಂಡವರು, ಹೊಲಿಗೆಯವರು, ಹಲ್ಲಿನ ಡಾಕ್ಟರರು, ಉತ್ತರಪತ್ರಿಕೆ ತಿದ್ದುವ ಮಾಸ್ತರರು. ಎಲ್ಲರ ನೋವೂ ಮಾಯ, ಎಲ್ಲರ ತಲೆಯೂ ನೆಟ್ಟಗೆ. ಫೋನನ್ನು ಆರತಿಯ ಹಾಗೆ ಮುಖದೆದುರು ಎತ್ತಿ ಹಿಡಿದು ರಸ್ತೆಯಲ್ಲಿ ನಡೆಯುವವರನ್ನು ಕಂಡರೆ ಸೂಜಿಯವರು ಎಂದು ತಿಳಿಯಬೇಕು. ಗುಡಿಯ ಗರ್ಭಗುಡಿಯ ಬಾಗಿಲಿಗೆ ಹಣೆ ಬಡಿದುಕೊಳ್ಳುವವರು ಹೆಚ್ಚಾದರೆಂದು ಅರ್ಚಕರು ಚೌಕಟ್ಟಿಗೆ ಗೋಣಿಚೀಲ ಸುತ್ತಿದರು. ಸಾಹೇಬರು ಬಂದರೆ ತಲೆ ತಗ್ಗಿಸಿ ನಿಲ್ಲಬೇಕಾದ ಒಬ್ಬ ಗುಮಾಸ್ತ ಅವರ ಕಣ್ಣಲ್ಲಿ ಕಣ್ಣಿಟ್ಟು ನಿಂತ. ಅವನಿಗೆ ವರ್ಗಾವಣೆಯಾಯಿತು. ಅದೇ ಸೂಜಿಯ ಇನ್ನೊಬ್ಬ ಗುಮಾಸ್ತನಿಗೆ, ಇವನೇ ಧೈರ್ಯಸ್ಥ ಎಂದು ಸಂಘದವರು ಅಧ್ಯಕ್ಷಗಿರಿ ಕೊಟ್ಟರು. ಅವನು ಜೀವನದಲ್ಲಿ ಯಾರಿಗೂ ಎದುರಾಡಿದವನಲ್ಲ, ಆದರೆ ಬೇಡ ಎನ್ನಲು ತಲೆ ತಗ್ಗಿಸಬೇಕಲ್ಲ!

"ಪತ್ತಾರಗ ಸೊಕ್ಕು ಬಂದೈತಿ," ಎಂದು ಓಣಿಯಲ್ಲಿ ಮಾತಾಯಿತು. "ನಮಸ್ಕಾರ ಮಾಡಿದ್ರ ಮುಗಿಲ ನೋಡ್ತಾನ."

ಸೊಕ್ಕಿನ ಮಾತು ಹಾಳಾಗಿ ಹೋಗಲಿ. ಕಿವಿ ಚುಚ್ಚುವುದು ಹೇಗೆ? ಕಾಳಮ್ಮ ತೊಡೆಯ ಮೇಲೆ ಬದನೆಕಾಯಿ ಇಟ್ಟುಕೊಂಡು ಕೂತಳು, ಮೋನಪ್ಪ ಅದಕ್ಕೆ ತಂತಿ ಚುಚ್ಚಿ ನೋಡಿದ. ಕಾಣದೆ ಚುಚ್ಚಿದರೆ ತಂತಿ ಅವಳ ಹೆಬ್ಬೆರಳಿಗೆ ಹೋಯಿತು. ಬದನೆಕಾಯಿಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಸಿದ. ಆಗ ಕಾಣುತ್ತದೆ, ಆದರೆ ಮೊಣಕೈ ಗಾಳಿಯಲ್ಲಿ. ತೊಡೆಯ ಆಸರೆ ಇಲ್ಲದೆ ಅವನ ಕೈ ಎಂದೂ ನಿಂತದ್ದಲ್ಲ, ಗಾಳಿಪಟದ ಬಾಲದಂತೆ ಅಲುಗಿತು.

"ಬದನಿಕಾಯಿ ಅಳೂದಿಲ್ಲ," ಎಂದಳು ಕಾಳಮ್ಮ, ಬೆರಳು ಚೀಪುತ್ತಾ. "ಕೂಸು ಹಿಂಗ ನಿಂದ್ರತೈತೇನು? ಅವರಿಗೆ ಮಾಲ್‌ಗೆ ಹೋಗ್ರಿ ಅಂತ ಹೇಳಿಬಿಡ್ರಿ."

ಮೋನಪ್ಪ ತಂತಿಯನ್ನು ಒರೆಸಿ ಡಬ್ಬಿಯಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡ.

ಅವನು ನಫೀಸಾರ ಹತ್ತಿರ ಹೋದಾಗ ಅಲ್ಲಿ ಮೊದಲೇ ಗದ್ದಲ. ಬಾಗಿಲ ಹೊರಗೆ ಸಾಲಾಗಿ ಕೂತವರೆಲ್ಲ ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಎದುರುಗೋಡೆ ನೋಡುತ್ತಿದ್ದರು. ಒಳಗೆ ಸುಧೀಂದ್ರ ಪರದೆಯ ಮೇಲೆ ಠಕೂಬಾಯಿಯ ದಾಖಲೆಯ ಗೆರೆಗಳನ್ನು ಹಿಂದೆ ಮುಂದೆ ಓಡಿಸುತ್ತಿದ್ದ. ಗೆರೆಗಳಲ್ಲಿ ತಪ್ಪಿಲ್ಲ.

ಠಕೂಬಾಯಿಯನ್ನೂ ಕರೆಸಿದ್ದರು. ಅವಳು ಸಾಲಾಗಿ ಕೂತವರನ್ನು ನೋಡಿ, "ದೃಷ್ಟಿ ಆಗೇತ್ರಿ ಇವರಿಗೆ. ನನ್ನ ಕುತಗಿ ಮ್ಯಾಲ ಊರ ಮಂದಿದೆಲ್ಲಾ ಕಣ್ಣು," ಎಂದಳು. ಅದಕ್ಕೆ ಮೆಣಸಿನಕಾಯಿ ಸುಡುವ ಉಪಾಯವನ್ನೂ ಹೇಳಿದಳು. ಸುಧೀಂದ್ರನ ಪ್ರಯೋಗಶಾಲೆಯಲ್ಲಿ ಹೊಗೆ ಕಂಡರೆ ಗಂಟೆ ಬಾರಿಸುವ ಯಂತ್ರವಿತ್ತು, ಆದ್ದರಿಂದ ಅದು ಕೈಗೂಡಲಿಲ್ಲ.

"ಕಾಕಾ, ಎರಡ ದಾರಿ ಅದಾವು," ಎಂದರು ನಫೀಸಾ. "ಒಂದು, ಕಲಿಸಿದ್ದನ್ನು ಅಳಿಸಿಬಿಡತೀವಿ. ಕುತಗಿ ಬಗ್ಗತೈತಿ."

"ಜೋಮು?"

"ಅದೂ ತಿರುಗಿ ಬರತೈತಿ."

"ಇನ್ನೊಂದು?"

"ಇನ್ನೊಂದು, ನಾವು ತಪ್ಪು ಎಲ್ಲೈತಿ ಅಂತ ಹುಡುಕೂ ತನಕ ತಡೀಬೇಕು."

"ಹುಣ್ಣಿಮಿ ತಡೀತದೇನ್ರಿ?" ಎಂದ ಮೋನಪ್ಪ. ಬಗ್ಗಿದರೆ ಬೆರಳಿಲ್ಲ, ಬೆರಳಿದ್ದರೆ ಬಗ್ಗುವುದಿಲ್ಲ. ಎರಡರಲ್ಲಿ ಯಾವುದು ಆರಿಸಿದರೂ ಮೊಮ್ಮಗಳು ಮಾಲಿಗೆ. ಅವನ ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿಸಿ ಅಡಗಿಸಿಕೊಳ್ಳುವಂತೆಯೂ ಇರಲಿಲ್ಲ. ಎಲ್ಲರೆದುರು ನೆಟ್ಟಗೆ ಕೂತು ಅತ್ತ.

ನಫೀಸಾ ಅವನೆದುರು ನಿಂತು, ಸೂಜಿ ಯಂತ್ರಗಳಿಗಿಂತ ಮೊದಲು ಕಲಿತದ್ದನ್ನು ಮಾಡಿದರು: ಎರಡು ಅಂಗೈಗಳನ್ನು ತಲೆಯ ಎರಡೂ ಪಕ್ಕಕ್ಕೆ ಕೊಟ್ಟು, ಕುತ್ತಿಗೆಯ ಭಾರ ಇಳಿಯಲೆಂದು ಮೆಲ್ಲಗೆ ಮೇಲಕ್ಕೆ ಎತ್ತಿದರು. ಫಿಜಿಯೋಥೆರಪಿಯವರು ದಿನಾ ಮಾಡುವ ಕೆಲಸ. ಅರೆಕ್ಷಣ ಏನೂ ಆಗಲಿಲ್ಲ. ಆಮೇಲೆ ಮೋನಪ್ಪ ನಿಡಿದಾದ ಒಂದು ಉಸಿರು ಬಿಟ್ಟ. ಅವನ ಗದ್ದ ತಾನೇ ತಾನಾಗಿ ಎದೆಯ ಮೇಲೆ ಬಿತ್ತು.

"ಯವ್ವಾ! ಸತ್ನೋ ಏನೋ!" ಎಂದಳು ಠಕೂಬಾಯಿ.

"ಸತ್ತಿಲ್ಲ," ಎಂದ ಮೋನಪ್ಪ, ತನ್ನ ಹೊಟ್ಟೆಯನ್ನು ನೋಡುತ್ತಾ. "ಡಾಕ್ಟರ, ನನ್ನ ಅಂಗಿ ಗುಂಡಿ ಕಾಣ್ತೈತ್ರಿ!"

ಅವನು ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಬೆರಳು ಚುರುಕಾಗಿಯೇ ಇದ್ದವು. ಸ್ವಲ್ಪ ಹೊತ್ತಿಗೆ, ಒಂದು ಸೇರು ಮೊಸರು ಅಳೆದು ಹಾಕುವಷ್ಟು ಹೊತ್ತು ಎನ್ನಿ, ಗದ್ದ ಮೆಲ್ಲಗೆ ಎದ್ದು ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಕೂತಿತು.

ನಫೀಸಾ ಸುಧೀಂದ್ರನ ಕಡೆ ತಿರುಗಿದರು. "ಈಕಿ ಬುಟ್ಟಿ ಇಳಿಸಿದ್ದು ದಾಖಲಿ ಒಳಗ ಎಲ್ಲೈತಿ?"

"ಅದನ್ನ ಕತ್ತರಿಸಿ ತಗದೀನ್ರಿ. ನಡಿಯೋದಷ್ಟ ಇಟ್ಟೀನಿ. ಇಳಿಸೋದರಾಗ ಏನದ, ನೀವ ಎದುರು ಬಂದು ಎರಡೂ ಕೈಯಿಂದ ಬುಟ್ಟಿ ಇಳಿಸಿಕೊಂಡ್ರಿ, ಮುಗೀತು. ಉಪಯೋಗಿಲ್ಲ ಅಂತ..."

ಅಲ್ಲಿಗೆ ಅವನೇ ಮಾತು ನಿಲ್ಲಿಸಿದ. ತುಂಬಿದ ಬುಟ್ಟಿಯನ್ನು ಯಾರೂ ಒಬ್ಬರೇ ಇಳಿಸುವುದಿಲ್ಲ. ಬಾಗಿಲಿಗೆ ಬಂದು ಎದುರು ನಿಂತವರು ಕೈ ಕೊಡಬೇಕು, ಭಾರ ಅವರ ಕೈಗೆ ಹೋದಮೇಲೆಯೇ ಹೊತ್ತವಳ ಕುತ್ತಿಗೆ ಸಡಿಲಾಗುತ್ತದೆ. ಇವರು ಇಡೀ ಊರಿಗೆ ಬುಟ್ಟಿ ಹೊರಿಸಿದ್ದರು. ಇಳಿಸಿಕೊಳ್ಳುವ ಪಾಠವನ್ನು ಕತ್ತರಿಸಿ ಬಿಸಾಡಿದ್ದರು. ಅಷ್ಟೂ ಜನರ ಕುತ್ತಿಗೆ, ಇಲ್ಲದ ಭಾರವನ್ನು ಹೊತ್ತುಕೊಂಡು, ಯಾರಾದರೂ ಕೈ ಕೊಟ್ಟಾರೆಂದು ಕಾಯುತ್ತಿತ್ತು.

ಕತ್ತರಿಸಿದ್ದು ಸಿಗುವಂತಿರಲಿಲ್ಲ. ಠಕೂಬಾಯಿಗೆ ಮತ್ತೆ ಪಟ್ಟಿ ಅಂಟಿಸಿ ಹೊಸದಾಗಿ ದಾಖಲೆ ಮಾಡಬೇಕು, ಮೇಲಿನವರ ಒಪ್ಪಿಗೆ ಬರಬೇಕು, ಎಲ್ಲರಿಗೂ ಮತ್ತೆ ಸೂಜಿ ಹಾಕಬೇಕು. ಹುಣ್ಣಿಮೆಯೊಳಗೆ ಆಗುವ ಮಾತಲ್ಲ. ಅಲ್ಲಿಯವರೆಗೆ ಕೈಯೇ ಗತಿ. ಸೂಜಿ ಹಾಕಿಸಿಕೊಂಡವರ ಮನೆಯವರನ್ನೆಲ್ಲ ಕರೆಸಿ ನಫೀಸಾ ಹೇಳಿಕೊಟ್ಟರು: ಎದುರು ನಿಲ್ಲಬೇಕು, ಎರಡೂ ಕೈ ಸಮನಾಗಿ ಎತ್ತಬೇಕು, ಎಳೆಯಬಾರದು, ಅವಸರ ಮಾಡಬಾರದು.

ಕಾಳಮ್ಮನೂ ಬಂದು ಕಲಿತಳು. ಮೊದಲ ದಿನ ಮನೆಯಲ್ಲಿ ಊಟಕ್ಕೆ ಮೊದಲು ಗಂಡನ ಮುಂದೆ ನಿಂತಾಗ ಅವಳಿಗೆ ನಗು ತಡೆಯಲಿಲ್ಲ.

"ಹೊತ್ತದ್ದು ಏನೂ ಇಲ್ಲ, ಇಳಿಸಿಕೊಳ್ಳಾಕ ಮಾತ್ರ ನಾ ಬೇಕು."

"ಬೈಕೋತ ಎತ್ತಬ್ಯಾಡ. ಡಾಕ್ಟರು ಹೇಳ್ಯಾರ, ಮನಸು ಸಮಾಧಾನ ಇರಬೇಕಂತ."

"ಅದನ್ನ ಡಾಕ್ಟರು ಹೇಳಿಲ್ಲ. ನೀವ ಸೇರಿಸೀರಿ."

ಆದರೂ ಮೆಲ್ಲಗೆ ಎತ್ತಿದಳು. ಅವನ ಗದ್ದ ಇಳಿಯಿತು. ಎಷ್ಟೋ ವರ್ಷಗಳಿಂದ ಇವರಿಬ್ಬರೂ ಹೀಗೆ ಇಷ್ಟು ಹತ್ತಿರ, ಎದುರೆದುರು ನಿಂತಿರಲಿಲ್ಲ. ಅವನು ಬಗ್ಗಿ ಅವಳ ಹೆಬ್ಬೆರಳಿನ ಬದನೆಕಾಯಿ ಗಾಯ ನೋಡಿದ. "ಕೀವು ಆಗಿಲ್ಲಲ್ಲ?" ಎಂದ. "ಉಣ್ಣರಿ, ಮತ್ತ ಏರತೈತಿ," ಎಂದಳು ಅವಳು.

ಊರಿನಲ್ಲೂ ಹೀಗೇ ನಡೆಯಿತು. ಹಲ್ಲಿನ ಡಾಕ್ಟರರು ಪ್ರತಿ ಹಲ್ಲಿಗೊಮ್ಮೆ ನರ್ಸನ್ನು ಕೂಗುತ್ತಿದ್ದರು. ಅತ್ತೆ ಸೊಸೆ ಮಾತು ಬಿಟ್ಟ ಮನೆಯೊಂದರಲ್ಲಿ ಸೊಸೆ ಮಾತಾಡದೆಯೇ ಬಂದು, ಅತ್ತೆಯ ತಲೆ ಎತ್ತಿ, ಮಾತಾಡದೆಯೇ ಹೋಗುತ್ತಿದ್ದಳಂತೆ. ಒಬ್ಬಂಟಿ ಇದ್ದ ಒಬ್ಬ ಬ್ಯಾಂಕ್ ಮ್ಯಾನೇಜರ್ ಉಪವಾಸ ಮಲಗಿ ಮಲಗಿ, ಕೊನೆಗೆ ನಾಚಿಕೆ ಬಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟಿದ.

ಹುಣ್ಣಿಮೆಯ ಹಿಂದಿನ ದಿನ ಬೀಗರು ಬಂದರು. ರೇವತಿ, ಅವಳ ಗಂಡ ದಯಾನಂದ, ಕೂಸು, ಚಂದ್ರಭಾಗಾಬಾಯಿ. ಮೋನಪ್ಪ ಅವರಿಗೆ ಮೊಸರಿನ ಬುಟ್ಟಿಯ ಕಥೆಯನ್ನೆಲ್ಲ ಹೇಳಿದ. ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು, ರೇವತಿಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಕಾಳಮ್ಮನ ತೊಡೆ ಎಂದು ತೀರ್ಮಾನವಾಯಿತು. ಕೂಸು ಬೇರೆ ಯಾರ ಹತ್ತಿರವೂ ನಿಲ್ಲುತ್ತಲೂ ಇರಲಿಲ್ಲ. ಎರಡೂ ಕಿವಿಗೆ ಕುಂಕುಮದ ಬೊಟ್ಟು ಇಟ್ಟು, ಬಾಯಿಗೆ ಬೆಲ್ಲ ಹಚ್ಚಿದರು. ಕಾಳಮ್ಮ ಗಂಡನ ಮುಂದೆ ನಿಂತು ಎರಡು ಕೈಯಿಂದ ತಲೆ ಎತ್ತಿ, ಅವನ ಗದ್ದ ಇಳಿದ ಕೂಡಲೇ ಕೂತು ಕೂಸನ್ನು ತೊಡೆಗೆ ತೆಗೆದುಕೊಂಡಳು. ಚಂದ್ರಭಾಗಾಬಾಯಿ ಗೋಡೆಗೆ ಒರಗಿ, ಸೆರಗು ಹೊದ್ದುಕೊಂಡು, ಬಾಯಿ ಬಿಗಿದು ನೋಡುತ್ತಿದ್ದಳು.

ಹೆಣ್ಣುಕೂಸಿಗೆ ಮೊದಲು ಎಡಗಿವಿ. ಮೋನಪ್ಪ ಮೊಣಕೈಯನ್ನು ತೊಡೆಯ ಮೇಲಿಟ್ಟ, ಬೊಟ್ಟಿನ ನಡುವೆ ತಂತಿಯ ತುದಿ ಇಟ್ಟ, ಒತ್ತಿದ. ತುಪ್ಪದಲ್ಲಿ ಬೆರಳು ಹೋದ ಹಾಗೆ ಹೋಯಿತು. ತಿರುವಿ ಉಂಗುರ ಮಾಡಿ ಬಿಟ್ಟ. ಕೂಸು ಒಂದು ಕ್ಷಣ ಬೆರಗಾಗಿ ನೋಡಿತು, ಆಮೇಲೆ ಬಾಯಿ ತೆರೆದು ಉಸಿರು ಕಟ್ಟಿತು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ರೇವತಿ ಊದಿದಳು, ಬೆನ್ನು ತಟ್ಟಿದಳು, ದಯಾನಂದ ಗಿಲಿಗಿಲಿ ಆಡಿಸಿದ. ಅಂತೂ ಉಸಿರು ಬಂದು ಓಣಿಗೆಲ್ಲ ಕೇಳುವಂತೆ ಅತ್ತು, ಬಿಕ್ಕುತ್ತಾ ಬಿಕ್ಕುತ್ತಾ ಸುಮ್ಮನಾಗುವುದರೊಳಗೆ ಹೊತ್ತು ಹೋಗಿತ್ತು. ಮೋನಪ್ಪ ಬಲಗಿವಿಗೆ ತಂತಿ ಇಟ್ಟ. ಇಟ್ಟು ಒತ್ತಬೇಕು, ಅಷ್ಟರಲ್ಲಿ ಅವನ ಗದ್ದ ಏಳತೊಡಗಿತು. ಕಿವಿ ಹೋಗಿ ಕೂಸಿನ ಹಣೆ ಕಂಡಿತು, ಹಣೆ ಹೋಗಿ ಕಾಳಮ್ಮನ ಮೂಗುಬೊಟ್ಟು, ಅದೂ ಹೋಗಿ ಗೋಡೆಯ ಮೇಲಿನ ಕ್ಯಾಲೆಂಡರು.

ಅವನು ತಂತಿಯನ್ನು ಹಿಂದಕ್ಕೆ ತೆಗೆದುಕೊಂಡ. ಗಾಣಿಗೇರ ಕೂಸಿನ ತೂತಾದರೂ ಮೇಲೆ ಕೆಳಗೆ ಇತ್ತು, ಇಲ್ಲಿ ಒಂದೇ ಕಿವಿ.

ಕಾಳಮ್ಮ ಏಳುವಂತಿರಲಿಲ್ಲ. ಕೂಸಿನ ತಲೆಯನ್ನು ಎದೆಗೊತ್ತಿ ಹಿಡಿದಿದ್ದಳು, ಬಿಟ್ಟರೆ ಮತ್ತೆ ಹೊರಳುತ್ತಿತ್ತು. ರೇವತಿಯ ಎರಡೂ ಕೈ ಕೂಸಿನ ಕೈಗಳನ್ನು ಹಿಡಿದಿದ್ದವು. "ದಯಾನಂದ, ನೀವ ಬರ್ರಿ," ಎಂದಳು ಕಾಳಮ್ಮ. ದಯಾನಂದ ಎದ್ದು ಬಂದು ಮಾವನ ತಲೆ ಹಿಡಿದು, ಮೂಲಂಗಿ ಕೀಳುವವರ ಹಾಗೆ ಎಳೆದ.

"ಅಯ್ಯಯ್ಯೋ! ಕಿತ್ತು ಕೈಯಾಗ ಕೊಡತೀರೇನು!" ಎಂದ ಮೋನಪ್ಪ. ಅಳಿಯ ಕೈಬಿಟ್ಟ. ಕುತ್ತಿಗೆ ಇನ್ನೂ ಗಟ್ಟಿಯಾಯಿತು.

ಉಳಿದವಳು ಒಬ್ಬಳೇ. ಯಾರೂ ಆ ಕಡೆ ನೋಡಲಿಲ್ಲ, ನೋಡದೆಯೂ ಎಲ್ಲರೂ ನೋಡಿದರು. ಬೀಗತಿ ಬೀಗರ ಮುಂದೆ ಸೆರಗು ಸರಿಪಡಿಸಿಕೊಳ್ಳದೆ ನೀರು ಕೊಡುವುದಿಲ್ಲ, ಎದುರು ಕುರ್ಚಿಯಲ್ಲಿ ಕೂರುವುದಿಲ್ಲ. ತಲೆ ಮುಟ್ಟುವುದು ಎಂದರೆ! ಸುಮ್ಮನೆ ಗೋಡೆಗೆ ಒರಗಿಕೊಂಡಿದ್ದರೂ ಸಾಕಿತ್ತು, ಅವಳು ಹೇಳಿದ್ದೇ ನಿಜವಾಗುತ್ತಿತ್ತು. ಸಂಜೆಯ ಬಸ್ಸಿಗೆ ಹುಬ್ಬಳ್ಳಿ, ಇನ್ನೊಂದು ಕಿವಿಗೆ ಒಂದೇ ಸಪ್ಪಳ.

"ಅಕ್ಕಾರ," ಎಂದ ಮೋನಪ್ಪ, ಕ್ಯಾಲೆಂಡರಿಗೆ ಹೇಳುವವನ ಹಾಗೆ. "ನನಗ ಆಗವಲ್ದು. ನಾ ಮಾತು ಕೊಟ್ಟೀನಿ ನಿಮಗ. ನೀವ ಇಳಿಸಿಕೊಂಡ್ರ ಆಗತೈತಿ, ಇಲ್ಲಾಂದ್ರ ಇಲ್ಲ."

ಚಂದ್ರಭಾಗಾಬಾಯಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಮೊಸರಿನಾಕಿ ಬುಟ್ಟಿ ಇಳಿಸಿಕೊಂಡಾಂಗ ಅಂದ್ರಲ್ಲ?"

"ಹಂಗ ಅಕ್ಕಾರ."

"ಮದಿವಿ ಆಗಿ ಬಂದಾಗಿಂದ ದಿನಾ ಮುಂಜಾನಿ ಅದ ಕೆಲಸ ಮಾಡೀನಿ. ನಮ್ಮತ್ತಿ ಒಂದ ದಿನಾನೂ ಕೈ ಹಚ್ಚಲಿಲ್ಲ." ಹಾಗೆನ್ನುತ್ತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮಗನಿಗೆ, "ಸರಿಯೋ ಆಕಡೆ," ಎಂದಳು. ಬೀಗರ ಎದುರು ಬಂದು, ಕಾಲು ಅಗಲಿಸಿ ಊರಿ ನಿಂತು, ಎರಡೂ ಕೈ ಎತ್ತಿದಳು.

ತಲೆಯನ್ನು ಅವಳು ಎಳೆಯಲಿಲ್ಲ. ಮೊದಲು ಒಂದಿಷ್ಟು ಒಳಕ್ಕೆ ಹಿಡಿದು ಭಾರ ಎಷ್ಟಿದೆ ನೋಡಿದಳು, ಆಮೇಲೆ ಎತ್ತಿದಳು. ಅವಳ ಮೊಣಕೈ ಅದುರಿದ್ದು, ಉಸಿರು ಬಿಗಿಹಿಡಿದದ್ದು ಎಲ್ಲರಿಗೂ ಕಂಡಿತು. ತಲೆಯಿಂದ ಎತ್ತಿದ ಆ ಇಲ್ಲದ ಬುಟ್ಟಿಯನ್ನು ಹಾಗೆಯೇ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದು, ಪಕ್ಕಕ್ಕೆ ತಿರುಗಿ, ಮೊಣಕಾಲು ಮಡಿಸಿ, ಗಡಿಗೆ ತುಳುಕದ ಹಾಗೆ ನೆಲಕ್ಕೆ ಇಟ್ಟಳು. ಕಾಳಮ್ಮ ಇಷ್ಟು ದಿನ ಎತ್ತಿ ಸುಮ್ಮನೆ ಕೈಬಿಡುತ್ತಿದ್ದಳು. ಕೆಳಗೆ ಇಡಬೇಕೆಂಬುದು ಡಾಕ್ಟರಿಗೂ ಹೊಳೆದಿರಲಿಲ್ಲ, ಚಂದ್ರಭಾಗಾಬಾಯಿಗೂ ಹೊಳೆದದ್ದಲ್ಲ. ಎತ್ತಿದ್ದನ್ನು ಕೆಳಗಿಡದೆ ಮತ್ತೇನು ಮಾಡುತ್ತಾರೆ?

ಮೋನಪ್ಪನ ಕುತ್ತಿಗೆ ಬಾಳೆಎಲೆಯ ಹಾಗೆ ಬಾಗಿತು. ಬಲಗಿವಿಯ ಕೆಂಪು ಬೊಟ್ಟು ಕಣ್ಣೆದುರೇ ಇತ್ತು. ಮೊಣಕೈ ತೊಡೆಗೆ ಹೋಯಿತು. ತಂತಿ ಒಳಗೆ ಹೋಗಿ, ಹೊರಗೆ ಬಂದು, ಸುತ್ತಿಕೊಂಡಿತು. ಕೂಸು ಅಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವನು ಹಿಂದಕ್ಕೆ ಒರಗಿ ಕಾದ. ಕುತ್ತಿಗೆ ಮೇಲೇಳುತ್ತದೆ, ಈಗ ಏಳುತ್ತದೆ ಎಂದು ಕಾದ. ಏಳಲಿಲ್ಲ.

ಚಂದ್ರಭಾಗಾಬಾಯಿ ಕೂಸಿನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಎಡಗಿವಿಗೆ ಒಂದು ಬೆರಳು, ಬಲಗಿವಿಗೆ ಒಂದು ಬೆರಳು ಹಚ್ಚಿ, ಒಂದು ಕಣ್ಣು ಮುಚ್ಚಿ ಅಳತೆ ನೋಡಿದಳು. ಇನ್ನೊಮ್ಮೆ ನೋಡಿದಳು.

"ಸಮ ಅದಾವು," ಎಂದಳು.

ರೇವತಿ ಅಪ್ಪನನ್ನು ನೋಡಿ ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು. ಕಾಳಮ್ಮ ಕೂಸಿನ ಬಾಯಿಗೆ ಮತ್ತೆ ಬೆಲ್ಲ ಹಚ್ಚಿದಳು. ದಯಾನಂದ ಫೋಟೋ ತೆಗೆಯುತ್ತೇನೆಂದು ಫೋನ್ ಹಿಡಿದುಕೊಂಡು, ಎಲ್ಲರೂ ಒಂದೇ ಚೌಕಟ್ಟಿನಲ್ಲಿ ಬರಲೆಂದು ಹಿಂದೆ ಹಿಂದೆ ಸರಿಯತೊಡಗಿದ.

"ಏ ದಯ್ಯಾ! ನೋಡಿ ಕಾಲಿಡೋ," ಎಂದು ಚಂದ್ರಭಾಗಾಬಾಯಿ ಗದರಿದಳು, ಅವನ ಹಿಂದಿನ ಖಾಲಿ ನೆಲವನ್ನು ತೋರಿಸಿ. "ಅಲ್ಲಿಟ್ಟೀನಿ."

ದಯಾನಂದ ತಟ್ಟನೆ ಕಾಲು ಮುಂದಕ್ಕೆ ಎಳೆದುಕೊಂಡು, ಸುತ್ತು ಹಾಕಿ ಬಂದ.